ನೆಲದಡಿಯ ನೀರು: ಸಣ್ಣ ಬ್ಯಾಪ್ಟಿಸ್ಟ್ ಪ್ರಾರ್ಥನಾಮಂದಿರವನ್ನು ನೋಡುವ ಬಗೆ

(ಕಾಸರಗೋಡಿನ ಕನ್ನಡ ಸಭಿಕರೆದುರು ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರಿಗೂ ಸಭಿಕರಿಗೂ ನಮಸ್ಕಾರ.

ಕನ್ನಡ ಬೈಬಲ್ಲಿನಲ್ಲಿ 'ಸ್ನಾನಿಕನಾದ ಯೋಹಾನ' ಬರುತ್ತಾನೆ. ಬ್ಯಾಪ್ಟಿಸ್ಟ್ ಎಂಬ ಮಾತಿಗೆ ನಮ್ಮ ಭಾಷಾಂತರಕಾರರು ಕೊಟ್ಟ ಪದ ಅದು. ಇವತ್ತು ಮಾತಾಡಬೇಕಾದ ಕಟ್ಟಡದ ಅರ್ಧ ವಿಷಯ ಆ ಒಂದು ಪದದಲ್ಲೇ ಇದೆ. ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನ ಎಂದರೆ ಹಣೆಗೆ ನಾಲ್ಕು ಹನಿ ನೀರಲ್ಲ, ಇಡೀ ಮೈ ಮುಳುಗಬೇಕು. ಅದೂ ಎಳೆಮಗುವಿಗಲ್ಲ, ತಿಳಿದು ಕೇಳಿಕೊಂಡ ಮನುಷ್ಯನಿಗೆ. ಇದು ಬ್ಯಾಪ್ಟಿಸ್ಟರೆಂಬ ಪ್ರಾಟೆಸ್ಟೆಂಟ್ ಪಂಗಡದವರ ಹಟ. ನಾಲ್ಕು ಹನಿಗೆ ಒಂದು ಬೋಗುಣಿ ಸಾಕು. ಮನುಷ್ಯ ಮುಳುಗಬೇಕಾದರೆ ಐದು ಸಾವಿರ ಲೀಟರ್ ನೀರು ಬೇಕು. ಅಷ್ಟು ನೀರನ್ನು ಕಟ್ಟಡದ ಒಳಗೆ ತಂದು ನಿಲ್ಲಿಸಿ, ಗೋಡೆಗೂ ಮರಕ್ಕೂ ಕೇಡಾಗದಂತೆ ಹೊರಗೆ ಕಳಿಸುವುದು ಹೇಗೆ ಎಂಬುದೇ ಈ ವಾಸ್ತುವಿನ ಮುಖ್ಯ ಸಮಸ್ಯೆ.

ಕರಾವಳಿಯ ನಮಗೆ ಕೆಥೋಲಿಕರ ಇಗರ್ಜಿ ಗೊತ್ತು. ಪ್ರಾಟೆಸ್ಟೆಂಟರಾದ ಬಾಸೆಲ್ ಮಿಶನ್ನಿನವರ ದೇವಾಲಯಗಳೂ ಗೊತ್ತು. ಇಗರ್ಜಿಯ ಬಾಗಿಲಲ್ಲಿ ನಿಂತರೆ ಕಣ್ಣು ನೇರ ಬಲಿಪೀಠಕ್ಕೆ ಹೋಗುತ್ತದೆ. ಹಳೆಯ ಬ್ಯಾಪ್ಟಿಸ್ಟ್ ಮಂದಿರದಲ್ಲಿ ಬಲಿಪೀಠವೇ ಇಲ್ಲ, ಗೋಡೆಯ ಮೇಲೆ ಶಿಲುಬೆಯೂ ಇಲ್ಲ. ಎದುರಿಗೆ ನಿಂತು ಉಪದೇಶ ಮಾಡುವ ಎತ್ತರದ ಪ್ರಸಂಗಪೀಠ, ಅದರ ಬುಡದಲ್ಲಿ ಕರ್ತನ ಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚುವ ವಿಧಿಯ, ಸಾದಾ ಮರದ ಮೇಜು, ಮೇಜಿನ ಮುಂದೆ ಹಲಗೆ ಹಾಸಿದ ನೆಲ. ಆ ಹಲಗೆಗಳ ನಡುವೆ ಎಳೆದು ತೆಗೆಯಲು ಬರುವಂತೆ ಒಂದೆರಡು ಕಬ್ಬಿಣದ ಬಳೆಗಳನ್ನು ಹುದುಗಿಸಿದ್ದರೆ, ಕೆಳಗೆ ಕೊಳ ಇದೆ ಎಂದರ್ಥ. ಪ್ರಸಂಗಪೀಠದ ಎಡಕ್ಕೂ ಬಲಕ್ಕೂ ಒಂದೊಂದು ಸಣ್ಣ ಬಾಗಿಲಿದ್ದರೆ ಇನ್ನೂ ಗಟ್ಟಿ: ಗಂಡಸರಿಗೊಂದು, ಹೆಂಗಸರಿಗೊಂದು ಬಟ್ಟೆ ಬದಲಾಯಿಸುವ ಕೋಣೆ. ಹೊರಗಿನ ಹಲಗೆಯಲ್ಲಿ ಯಾವ ಪಂಗಡದ ಹೆಸರೇ ಇರಲಿ, ಕಟ್ಟಿಸಿದವರು ಯಾರೆಂದು ಈ ಎರಡು ಬಾಗಿಲು ಹೇಳುತ್ತವೆ.

ಮಾದರಿಯಾಗಿ ಒಂದೇ ಕಟ್ಟಡ ಸಾಕು. ಇಂಗ್ಲೆಂಡಿನ ಡೆವನ್ ಕೌಂಟಿಯಲ್ಲಿ, ಆಕ್ಸ್‌ಮಿನ್‌ಸ್ಟರ್ ಪಟ್ಟಣದ ಹತ್ತಿರ, ಲಫ್‌ವುಡ್ ಎಂಬ ಪ್ರಾರ್ಥನಾಮಂದಿರವಿದೆ. ಈಗ ಅದನ್ನು ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಕಾಡುಕಲ್ಲಿನ ಗೋಡೆ, ಗೋಡೆಗೆ ಆನಿಕೆ ಕಲ್ಲುಗಂಬಗಳು, ಹುಲ್ಲಿನ ಮಾಡು. ದೂರದಿಂದ ನೋಡಿದರೆ ದನದ ಕೊಟ್ಟಿಗೆ ಎನ್ನಬೇಕು. ನಮ್ಮ ಕಡೆಯ ಮುಳಿಹುಲ್ಲಿನ ಮನೆಗಳನ್ನು ಕಂಡವರಿಗೆ ಅಪರಿಚಿತ ಅನ್ನಿಸುವುದಿಲ್ಲ. ಒಳಗೆ ಹೋದರೆ ಕಮಾನಿನಂತೆ ಬಾಗಿದ ಗಾರೆಯ ಒಳಮಾಡು, ಬಣ್ಣವಿಲ್ಲದ ಗಾಜಿನ ಕಿಟಕಿ, ಬಾಗಿಲಿರುವ ಪೆಟ್ಟಿಗೆಯಂಥ ಬೆಂಚುಗಳು, ಎತ್ತರದ ಪ್ರಸಂಗಪೀಠ, ಅದರ ಮುಂದೆ ನೆಲದಡಿಯಲ್ಲಿ ಕೊಳ. ಹಿಂಬದಿಯಲ್ಲಿ ವಾದ್ಯದವರಿಗೆ ಒಂದು ಅಟ್ಟ. ಅಟ್ಟದಡಿ ಬೆಂಕಿಗೂಡಿರುವ ಎರಡು ಕೋಣೆ. ದೂರದಿಂದ ನಡೆದು ಬಂದ ಕುಟುಂಬ ಒದ್ದೆ ಬಟ್ಟೆ ಒಣಗಿಸಿಕೊಂಡು, ಕಟ್ಟಿ ತಂದ ಬುತ್ತಿ ಉಂಡು, ಮಧ್ಯಾಹ್ನದ ಆರಾಧನೆಗೂ ಕೂರಲು ಆ ಕೋಣೆಗಳು. ಪೆಟ್ಟಿಗೆ ಬೆಂಚಿನ ಬಾಗಿಲಿಗೂ ಚಳಿಯೇ ಕಾರಣ. ನೆಲದ ಮೇಲೆ ಹರಿಯುವ ಕುಳಿರ್ಗಾಳಿ ಕಾಲಿಗೆ ತಾಗದಿರಲಿ ಎಂದು.

ಈ ಮಂದಿರದ ಕಾಲವನ್ನು 1653ರ ಸುಮಾರು ಎನ್ನುತ್ತಾರೆ. ಪಕ್ಕದ ಕಿಲ್ಮಿಂಗ್ಟನ್ ಹಳ್ಳಿಯ ಬ್ಯಾಪ್ಟಿಸ್ಟರು ಅಧಿಕಾರಿಗಳ ಕಣ್ಣು ತಪ್ಪಿಸಲು ಕಾಡಿನ ಮರೆಯಲ್ಲಿ ಕಟ್ಟಿದರು ಎಂಬುದು ವಾಡಿಕೆಯ ಮಾತು. ಇದನ್ನು ಸ್ವಲ್ಪ ಜರಡಿ ಹಿಡಿಯಬೇಕು. 1653 ಎಂದರೆ ಇಂಗ್ಲೆಂಡಿನಲ್ಲಿ ಅರಸನಿಲ್ಲದೆ ಕ್ರಾಮ್‌ವೆಲ್ಲನ ಕೈಯಲ್ಲಿ ಅಧಿಕಾರವಿದ್ದ ಕಾಲ. ಆಗ ಬ್ಯಾಪ್ಟಿಸ್ಟರಿಗೆ ಮುಂದೆ ಬಂದಷ್ಟು ಕಾಟ ಇರಲಿಲ್ಲ. ಕಾಟ ಬಿಗಿಯಾದದ್ದು 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ. 1664ರ ಕಾಯಿದೆಯ ಪ್ರಕಾರ ಮನೆಯವರಲ್ಲದೆ ಹೊರಗಿನ ಐದಕ್ಕಿಂತ ಹೆಚ್ಚು ಜನ ಸರಕಾರಿ ಚರ್ಚಿನ ಕ್ರಮ ಬಿಟ್ಟು ಆರಾಧನೆಗೆ ಸೇರಿದರೆ ಅಪರಾಧ. ಮರುವರ್ಷ ಬಂದ ಇನ್ನೊಂದು ಕಾಯಿದೆ ಪಾಸ್ಟರುಗಳನ್ನು ಪಟ್ಟಣಗಳಿಂದ ಐದು ಮೈಲಿ ಆಚೆ ಅಟ್ಟಿತು. ಲಫ್‌ವುಡ್ಡಿನ ಜಾಗ ಆಗ ಉಪಯೋಗಕ್ಕೆ ಬಂದಿರಬೇಕು. ಆ ಮಂದಿರವಿರುವ ಡಾಲ್‌ವುಡ್ ಗ್ರಾಮ 19ನೇ ಶತಮಾನದವರೆಗೂ ಡೆವನ್ನಿನ ನಡುವೆ ಸಿಕ್ಕಿಕೊಂಡ ಡಾರ್ಸೆಟ್ ಕೌಂಟಿಯ ತುಂಡಾಗಿತ್ತು. ಕಿಲ್ಮಿಂಗ್ಟನ್ನಿನವರು ನಾಲ್ಕು ಹೆಜ್ಜೆ ಇಟ್ಟರೆ ಬೇರೆ ಕೌಂಟಿ, ಬೇರೆ ನ್ಯಾಯಾಧೀಶರು. ಗಡಿ ಎಂದರೇನು, ಗಡಿ ದಾಟಿದರೆ ಕಚೇರಿ ಹೇಗೆ ಬದಲಾಗುತ್ತದೆ ಎಂಬುದನ್ನು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಈಚೆ ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1689ರಲ್ಲಿ ಸಹಿಷ್ಣುತೆಯ ಕಾಯಿದೆ ಬಂತು. ಮಂದಿರವನ್ನು ನೋಂದಾಯಿಸಿದರೆ ಆರಾಧನೆ ಮಾಡಬಹುದು. ಆದರೆ ಆರಾಧನೆ ನಡೆಯುವಾಗ ಬಾಗಿಲಿಗೆ ಬೀಗವಾಗಲಿ ಅಗುಳಿಯಾಗಲಿ ಹಾಕಕೂಡದು. ಒಳಗೆ ಪಿತೂರಿ ನಡೆಯುತ್ತಿದೆಯೋ ಎಂಬ ಅನುಮಾನ ಸರಕಾರಕ್ಕೆ. ಬಾಗಿಲ ವಿಷಯ ಕಾನೂನಿಗೇ ಬಂದ ಮೇಲೆ ಊರ ನಡುವೆಯೂ ಮಂದಿರಗಳು ಎದ್ದವು. ಆದರೂ ಬಹಳ ಕಾಲ ಅವು ಮನೆಯಂತೆಯೇ ಇದ್ದವು: ಗೋಪುರವಿಲ್ಲ, ಗಂಟೆಯಿಲ್ಲ, ಹಿತ್ತಿಲ ಓಣಿಯಲ್ಲಿ ಜಾಗ. ಇದನ್ನು ಬರೀ ಬಡತನ ಅಥವಾ ಹೆದರಿಕೆ ಎಂದು ತಿಳಿಯುವುದು ತಪ್ಪು. ಅವರ ಲೆಕ್ಕದಲ್ಲಿ ಸಭೆ ಎಂದರೆ ಜನ, ಕಟ್ಟಡ ಬರೀ ಮಾಡು. ಕಟ್ಟಡಕ್ಕೆ ಪಾವಿತ್ರ್ಯ ಕೊಟ್ಟರೆ ಸಿದ್ಧಾಂತವೇ ಕೆಟ್ಟಿತು.

ಆಗಿನ ಅನೇಕ ಮಂದಿರಗಳಲ್ಲಿ ಪ್ರಸಂಗಪೀಠ ಉದ್ದದ ಗೋಡೆಯ ನಡುವೆ ಇರುತ್ತಿತ್ತು. ಕಾರಣ ಕಿವಿ. ಮೈಕಿಲ್ಲದ ಕಾಲದಲ್ಲಿ ಕೊನೆಯ ಬೆಂಚು ಹನ್ನೆರಡು–ಹದಿನೈದು ಮೀಟರಿಗಿಂತ ದೂರವಾದರೆ ಪ್ರಸಂಗ ಅರ್ಧ ಮಾತ್ರ ಮುಟ್ಟುತ್ತದೆ. ಉದ್ದದ ಗೋಡೆಗೆ ಪೀಠ ಇಟ್ಟು ಮೂರು ಕಡೆ ಜನ ಕೂತರೆ ಎಲ್ಲರೂ ಹತ್ತಿರ. ಜನ ಹೆಚ್ಚಾದಾಗ ಮಂದಿರವನ್ನು ಉದ್ದ ಮಾಡುವ ಬದಲು ಮೂರು ಬದಿಗೆ ಅಟ್ಟ ಕಟ್ಟಿದ್ದಕ್ಕೂ ಅದೇ ಕಾರಣ. 19ನೇ ಶತಮಾನದಲ್ಲಿ ಪೀಠ ಗಿಡ್ಡ ಗೋಡೆಗೆ ಸರಿಯಿತು. ಬೀದಿಯ ಕಡೆ ಮುಖ ಮಾಡಿದ ಅಂದದ ಮುಂಗೋಡೆ ಬಂತು. ಕಣ್ಣಿಗೆ ಚೆಂದ, ಕಿವಿಗೆ ನಷ್ಟ.

ಕೊಳ ಒಳಗೆ ಬಂದದ್ದೂ ತಡವಾಗಿಯೇ. ಮೊದಮೊದಲು ಹೊಳೆ, ಕೆರೆ, ಗಿರಣಿಯ ಹಳ್ಳ ಇವೇ ದೀಕ್ಷಾಸ್ನಾನದ ಜಾಗ. ಭಾರತಕ್ಕೆ ಈ ಪಂಗಡ ಬಂದಾಗಲೂ ಹೊಳೆಯೇ ಮೊದಲು. ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಶನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದ. ಶ್ರೀರಾಮಪುರದಲ್ಲಿ ಅವನ ಮಿಶನ್ನಿನ ಮೊದಲ ಬಂಗಾಳಿ ಶಿಷ್ಯ ಕೃಷ್ಣ ಪಾಲನಿಗೆ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನವಾದದ್ದು 1800ರ ಡಿಸೆಂಬರ್ 28ರಂದು. ಇದೇ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲೇ ಅಚ್ಚಾಯಿತು. ಬ್ಯಾಪ್ಟಿಸ್ಟರಿಗೂ ಕನ್ನಡಕ್ಕೂ ಇರುವ ಹಳೆಯ ನಂಟು ಕಟ್ಟಡದ್ದಲ್ಲ, ಅಚ್ಚುಮೊಳೆಯದು. ಆಂಧ್ರದಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟರು 1840ರಿಂದ ನೆಲ್ಲೂರಿನಲ್ಲಿದ್ದರು, 1866ರಿಂದ ಒಂಗೋಲಿನಲ್ಲಿ. 1878ರ ಜುಲೈ 3ರಂದು ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಜನರಿಗೆ ದೀಕ್ಷಾಸ್ನಾನವಾಯಿತು. ಆರು ಮಂದಿ ದೇಶೀಯ ಪ್ರಸಂಗಿಗಳು, ಒಮ್ಮೆಗೆ ಇಬ್ಬರಂತೆ ನೀರಿಗಿಳಿದು ಸರದಿಯಲ್ಲಿ ಈ ಕೆಲಸ ಮುಗಿಸಿದರು. ಅಷ್ಟು ಜನಕ್ಕೆ ಯಾವ ಕೊಳವೂ ಸಾಲದು. 

ಈಗ ಕೊಳದ ಲೆಕ್ಕ.

ಮುಳುಗಿಸುವ ಕ್ರಮ ಹೀಗೆ: ದೀಕ್ಷೆ ಪಡೆಯುವವರು ಎದೆಯ ಮೇಲೆ ಕೈ ಜೋಡಿಸುತ್ತಾರೆ. ಸಭಾಪಾಲಕರು ಒಂದು ಕೈಯಲ್ಲಿ ಆ ಜೋಡಿಸಿದ ಕೈಗಳನ್ನು, ಇನ್ನೊಂದರಲ್ಲಿ ಬೆನ್ನಿನ ಮೇಲ್ಭಾಗವನ್ನು ಹಿಡಿದು ಹಿಂದಕ್ಕೆ ಬಾಗಿಸುತ್ತಾರೆ. ಮೊಣಕಾಲು ಮಡಚಿದರೆ ಸುಲಭ, ಕಾಲು ಸೆಟೆದು ನಿಂತರೆ ಕಷ್ಟ. ನೀರಿನ ಆಳ 90 ಸೆಂಟಿಮೀಟರಿಗಿಂತ ಕಡಿಮೆಯಾದರೆ ಭಾರವೆಲ್ಲ ಸಭಾಪಾಲಕರ ಸೊಂಟಕ್ಕೆ ಬೀಳುತ್ತದೆ. 120 ದಾಟಿದರೆ ಗಿಡ್ಡ ಮೈಕಟ್ಟಿನವರ ಕಾಲು ನೆಲ ಬಿಡುತ್ತದೆ. 105 ಹದ. ಹಿಂದಕ್ಕೆ ಬಾಗುವ ಮೈಗೂ ಪಕ್ಕದಲ್ಲಿ ನಿಲ್ಲುವವರಿಗೂ ಸೇರಿ 2.4 ಮೀಟರ್ ಉದ್ದ, 1.5 ಮೀಟರ್ ಅಗಲ ಬೇಕು. ಇಷ್ಟಕ್ಕೆ 3,780 ಲೀಟರ್. ಮೆಟ್ಟಿಲ ಮೇಲೆ ನಿಲ್ಲುವ ನೀರನ್ನು ಇಲ್ಲಿ ಎಲ್ಲರೂ ಮರೆಯುತ್ತಾರೆ. ತೊಟ್ಟಿಯ ಆಳ 120 ಸೆಂಟಿಮೀಟರಾದರೆ 17 ಸೆಂಟಿಮೀಟರಿನ ಏಳು ಏರು, 25 ಸೆಂಟಿಮೀಟರಿನ ಆರು ಮೆಟ್ಟಿಲು. ಅದಕ್ಕೆ ಇನ್ನೊಂದೂವರೆ ಮೀಟರ್ ಉದ್ದ, ಸುಮಾರು 1,000 ಲೀಟರ್ ನೀರು. ಒಟ್ಟು ಐದು ಸಾವಿರದ ಹತ್ತಿರ. ನಿಮಿಷಕ್ಕೆ 20 ಲೀಟರ್ ಕೊಡುವ ನಲ್ಲಿಯಾದರೆ ತುಂಬಲು ಸುಮಾರು ನಾಲ್ಕು ತಾಸು ಬೇಕು. ಆರಾಧನೆ ಒಂಬತ್ತಕ್ಕೆ ಎಂದರೆ ಬೆಳಿಗ್ಗೆ ಆರಕ್ಕೆ ನಲ್ಲಿ ತಿರುಗಿಸಿದವರಿಗೆ ತೊಡೆಯುದ್ದ ನೀರಿನಲ್ಲಿ ಪೇಚಾಟ ತಪ್ಪದು. ಏಪ್ರಿಲಿನಲ್ಲಾದರೆ ಟ್ಯಾಂಕರೇ ಗತಿ.

ದೀಕ್ಷಾಸ್ನಾನಕ್ಕೆ ತೊಡುವ ನಿಲುವಂಗಿಯ ಅಂಚಿನೊಳಗೆ ಸಣ್ಣ ಸೀಸದ ಗುಂಡು ಹೊಲಿಯುವ ರೂಢಿ ಇದೆ. ಇಲ್ಲದಿದ್ದರೆ ನೀರಿಗಿಳಿದ ಕೂಡಲೇ ಬಟ್ಟೆ ಕೊಡೆಯಂತೆ ಅರಳಿ ಮೇಲೆ ತೇಲುತ್ತದೆ. ಇದು ಚಿಕ್ಕ ವಿಷಯವೆಂದು ಬಿಟ್ಟವರು ಒಮ್ಮೆ ಮಾತ್ರ ಬಿಡುತ್ತಾರೆ.

ತೊಟ್ಟಿ ಕಟ್ಟುವಾಗ ಗೋಡೆಗಿಂತ ಮೂಲೆಗಳ ಮೇಲೆ ಕಣ್ಣಿರಬೇಕು. ಸೋರುವುದು ಹೆಚ್ಚಾಗಿ ನೆಲ ಮತ್ತು ಗೋಡೆ ಕೂಡುವ ಗೆರೆಯಲ್ಲಿ, ಹಾಗೂ ಕೊಳವೆ ಗೋಡೆ ತೂರುವಲ್ಲಿ. ಮೂಲೆಯನ್ನು ಚೂಪಾಗಿ ಬಿಡದೆ ಗೋಲಾಯಿ ಮಾಡಬೇಕು. ಟೈಲ್ಸ್ ಅಂಟಿಸುವ ಮೊದಲು ಏಳು ದಿನ ನೀರು ನಿಲ್ಲಿಸಿ ನೋಡಬೇಕು. ನೀರು ಇಳಿದರೆ ಸೋರಿತೋ ಆರಿತೋ ಎಂದು ತಿಳಿಯಲು ಒಂದು ಬಕೆಟ್ಟಿನಲ್ಲಿ ನೀರು ತುಂಬಿ ಅಲ್ಲೇ ಇಡಿ, ಎರಡಕ್ಕೂ ಗೆರೆ ಹಾಕಿ. ಎರಡೂ ಸಮನಾಗಿ ಇಳಿದರೆ ಬಿಸಿಲಿನ ಪಾಲು. ತೊಟ್ಟಿಯದು ಮಾತ್ರ ಹೆಚ್ಚು ಇಳಿದರೆ ಎಲ್ಲೋ ದಾರಿ ಇದೆ. ಟೈಲ್ಸ್ ಅಂಟಿಸಿದ ಮೇಲೆ ಈ ದಾರಿ ಹುಡುಕುವುದು ದೇವರಿಗೇ ಪ್ರೀತಿ.

ನಮ್ಮ ಜಿಲ್ಲೆಗೆ ವಿಶೇಷವಾದ ಅಪಾಯ ಇನ್ನೊಂದಿದೆ. ತಗ್ಗು ಜಾಗದಲ್ಲಿ ಆಷಾಢದ ಹೊತ್ತಿಗೆ ಒರತೆ ನೆಲಮಟ್ಟಕ್ಕೇ ಬಂದುಬಿಡುತ್ತದೆ. ಆಗ ಖಾಲಿ ತೊಟ್ಟಿ ದೋಣಿಯಂತೆ ವರ್ತಿಸುತ್ತದೆ, ಅಡಿಯಿಂದ ನೀರು ಅದನ್ನು ಮೇಲಕ್ಕೆ ಎತ್ತುತ್ತದೆ. ಮೇಲೆ ಹೇಳಿದ ಅಳತೆಯ ತೊಟ್ಟಿಯನ್ನು 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟಿನಲ್ಲಿ ಕಟ್ಟಿದರೆ, ನೀರು ಎತ್ತುವ ಬಲವೂ ಕಾಂಕ್ರೀಟಿನ ಭಾರವೂ ಸರಿಸುಮಾರು ಹತ್ತು ಟನ್ನಿನ ಆಸುಪಾಸಿನಲ್ಲೇ ನಿಲ್ಲುತ್ತವೆ. ಇಷ್ಟು ಸಮಸಮವಾದರೆ ನೆಮ್ಮದಿಯಿಲ್ಲ. ಗುಡ್ಡದ ಮೇಲಿನ ಜಾಗಕ್ಕೆ ಈ ಚಿಂತೆ ಬೇಡ. ಬಯಲಿನಲ್ಲಿ ಕಟ್ಟುವವರು ತೊಟ್ಟಿಯ ಸುತ್ತ ಜಲ್ಲಿ ತುಂಬಿ ನೀರಿಗೆ ಬೇರೆ ದಾರಿ ಕೊಡಬೇಕು, ಇಲ್ಲವೇ ಮಳೆಗಾಲದಲ್ಲಿ ತೊಟ್ಟಿಯನ್ನು ತುಂಬಿಯೇ ಇಡಬೇಕು.

ವಿದ್ಯುತ್ತಿನ ಮಾತು. 2005ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ವೇಕೋ ಪಟ್ಟಣದಲ್ಲಿ ಕೊಳದಲ್ಲಿ ನಿಂತಿದ್ದ ಪಾಸ್ಟರ್ ಒಬ್ಬರು ಮೈಕಿನತ್ತ ಕೈ ಚಾಚಿದಾಗ ಶಾಕ್ ಹೊಡೆದು, ಸಭೆಯ ಕಣ್ಣೆದುರೇ ಕುಸಿದುಬಿದ್ದರು; ಜೀವ ಉಳಿಯಲಿಲ್ಲ. ಕೊಳದಿಂದ ಕೈಗೆಟುಕುವ ದೂರದಲ್ಲಿ ವಯರಿರುವ ಮೈಕು, ಸ್ವಿಚ್ಚು, ಟೇಬಲ್ ಫ್ಯಾನು ಯಾವುದೂ ಇರಬಾರದು. ಆ ವಿದ್ಯುತ್ ಸಾಲಿಗೆ 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಸಾಲನ್ನು ಕಡಿಯುವ ಸಾಧನ) ಹಾಕಿ, ಅದರ ಪರೀಕ್ಷೆಯ ಗುಂಡಿಯನ್ನು ದೀಕ್ಷಾಸ್ನಾನದ ಹಿಂದಿನ ದಿನ ಒತ್ತಿ ನೋಡಬೇಕು.

ಈಗ ನಮ್ಮೂರ ಕಲ್ಲಿಗೆ ಬರೋಣ. ಇಲ್ಲಿನ ಪ್ರಾಟೆಸ್ಟೆಂಟ್ ಕಟ್ಟಡಗಳಿಗೆ ಅಚ್ಚು ಹಾಕಿದ್ದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್. ಅವರು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವವರು, ಆದ್ದರಿಂದ ಕೊಳ ಬೇಡ, ಬೋಗುಣಿ ಸಾಕು. ಉಳಿದಂತೆ ಪ್ರಸಂಗಕ್ಕೆ ಪ್ರಾಧಾನ್ಯ, ಸಾದಾ ಗೋಡೆ, ಬೆಳಕಿನ ಕಿಟಕಿ, ಎಲ್ಲ ಒಂದೇ ಮನೆತನ. 1865ರಲ್ಲಿ ಜೆಪ್ಪುವಿನಲ್ಲಿ ಅವರ ಹಂಚಿನ ಕಾರ್ಖಾನೆ ಶುರುವಾದ ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮಂಗಳೂರು ಹಂಚಿನ ಮಾಡು ಕರಾವಳಿಯ ಎಲ್ಲ ಧರ್ಮದವರ ಉಡುಪಾಯಿತು. ಇಲ್ಲಿ ಯಾವ ಪಂಗಡದವರೇ ಸಣ್ಣ ಮಂದಿರ ಕಟ್ಟಲಿ, ಅಥವಾ ಹಳೆಯದನ್ನು ವಹಿಸಿಕೊಳ್ಳಲಿ, ಈ ಕಲ್ಲು ಮತ್ತು ಹಂಚಿನ ಸ್ವಭಾವ ತಿಳಿಯದೆ ಮುಂದೆ ಹೋಗಲಾಗದು.

ಮುರಕಲ್ಲಿನ ಸ್ವಭಾವ ಕಾಸರಗೋಡಿನವರಿಗೆ ಸುರಂಗದಿಂದಲೇ ಗೊತ್ತು. ಗುಡ್ಡಕ್ಕೆ ಅಡ್ಡಲಾಗಿ ಒಬ್ಬಾಳು ಅಗಲಕ್ಕೆ ಅಗೆದು ಹೋದರೆ ಕಲ್ಲಿನ ರಂಧ್ರಗಳಿಂದ ನೀರು ಜಿನುಗಿ ತಾನಾಗಿ ಹೊರಗೆ ಹರಿಯುತ್ತದೆ. ಸುರಂಗಕ್ಕೆ ವರವಾದ ಗುಣವೇ ಗೋಡೆಗೆ ರೋಗ. ಭಾರತೀಯ ಮಾನಕ 3620ರ ಪ್ರಕಾರ ಒಳ್ಳೆಯ ಕಲ್ಲು ತನ್ನ ತೂಕದ ನೂರಕ್ಕೆ 12ರಷ್ಟಕ್ಕಿಂತ ಹೆಚ್ಚು ನೀರು ಕುಡಿಯಬಾರದು. 28 ಕಿಲೋದ ಕಲ್ಲಿಗೆ ಇದರ ಅರ್ಥ ಮೂರು ಲೀಟರಿಗೂ ಮಿಕ್ಕಿ. ಒಳ್ಳೆಯ ಕಲ್ಲಿನ ಕಥೆಯೇ ಇದು. ಪಂಚಾಂಗದಿಂದ, ಅಂದರೆ ಅಡಿಪಾಯದಿಂದ, ಏರಿದ ತೇವ ಕಲ್ಲಿನೊಳಗೆ ಮೇಲಕ್ಕೆ ಬಂದು, ಹೊರಗಿನ ಗಾಳಿಗೆ ಆರಬೇಕು. ಸುಣ್ಣದ ಗಾರೆ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಸಿಮೆಂಟ್ ಗಾರೆ ಮಾಡುತ್ತದೆ. ಹೊರಗೆ ದಾರಿಯಿಲ್ಲದ ತೇವ ಇನ್ನೂ ಮೇಲೇರಿ ಕಿಟಕಿಯ ದಾರಂದಕ್ಕೆ ತಾಗುತ್ತದೆ. ಸಿಮೆಂಟಿನ ಹಿಂದೆ ಕಲ್ಲು ಮೆತ್ತಗಾಗಿ, ಎರಡು ಮೂರು ಮಳೆಗಾಲ ಕಳೆದಾಗ ಗಾರೆ ಹಪ್ಪಳದಂತೆ ಉಬ್ಬುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಹಿಡಿದಿದೆ, ಮದ್ದಳೆಯ ಸದ್ದು ಬಂದರೆ ಬಿಟ್ಟಿದೆ. ಮೇಲಿಂದ ಮತ್ತೆ ಬಣ್ಣ ಬಳಿದರೆ ರೋಗ ಮುಚ್ಚಿಟ್ಟಂತಾಯಿತು, ಅಷ್ಟೆ.

ಸರಿಪಡಿಸುವ ಕೆಲಸ ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಮಳೆ ನಿಂತ ಮೇಲೆ ಹಿಡಿಯಬೇಕು, ಫೆಬ್ರವರಿಯೊಳಗೆ ಮುಗಿಸಬೇಕು. ಸಿಮೆಂಟನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಿ. ಬ್ರೇಕರ್ ಯಂತ್ರ ಬೇಡವೇ ಬೇಡ, ಕಲ್ಲಿನ ಮುಖವೇ ಕಿತ್ತು ಬರುತ್ತದೆ. ಸಂದುಗಳನ್ನು ಎರಡು ಸೆಂಟಿಮೀಟರ್ ಆಳಕ್ಕೆ ಕೆರೆದು, ಕೆಲವು ವಾರ ಗೋಡೆ ಬರಿಮೈಯಲ್ಲಿ ಆರಲಿ. ಈ ವಾರಗಳನ್ನು ಉಳಿಸಲು ಹೋಗುವವರೇ ಹೆಚ್ಚು. ಸುಣ್ಣವನ್ನು ಅರಳಿಸಿ ಕನಿಷ್ಠ ಮೂರು ವಾರ ನೀರಿನಡಿ ಕೊಳೆಹಾಕಿರಬೇಕು. ಸರಿಯಾಗಿ ಅರಳದ ಹರಳು ಗೋಡೆ ಮೇಲೆ ಆಮೇಲೆ ಅರಳಿ ಸಿಡುಬಿನಂತೆ ಗುಳಿ ಬೀಳಿಸುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಹೊಳೆ ಮರಳು. ಕಡಲ ಮರಳು ಬೇಡ, ಅದರ ಉಪ್ಪು ಎಂದೂ ಸುಮ್ಮನಿರದು. ಗೋಡೆಗೆ ನೀರು ಚಿಮುಕಿಸಿ ಮೊದಲ ಕೋಟು 10ರಿಂದ 12 ಮಿಲಿಮೀಟರ್, ಅದು ಬಿಗಿದ ಮೇಲೆ ಎರಡನೆಯದು 6ರಿಂದ 8, ಕೊನೆಗೆ ನಯಗಾರೆ 3. ಹತ್ತು ದಿನ ಒದ್ದೆ ಗೋಣಿ ಇಳಿಬಿಟ್ಟು ಬಿಸಿಲು ತಾಗದಂತೆ ನೋಡಿ. ಮೇಲೆ ಸುಣ್ಣದ ಬಳಿತವೇ ಸಾಕು; ಪ್ಲಾಸ್ಟಿಕ್ ಬಣ್ಣ ಬಳಿದರೆ ಪಟ್ಟ ಪಾಡೆಲ್ಲ ನೀರುಪಾಲು.

ಮಾಡಿನದು ಸುಲಭ ಲೆಕ್ಕ. 12ಕ್ಕೆ 7 ಮೀಟರಿನ ಮಂದಿರ, ಇಳಿಜಾರು 30 ಡಿಗ್ರಿ, ಸುತ್ತ ಮುಕ್ಕಾಲರಿಂದ ಒಂದು ಮೀಟರ್ ಹೊರಚಾಚಿದರೆ ಮಾಡು ಸುಮಾರು 137 ಚದರ ಮೀಟರ್. ಚದರ ಮೀಟರಿಗೆ 15 ಹಂಚು, ಒಡೆಯುವುದಕ್ಕೆಂದು ನೂರಕ್ಕೆ ಐದು ಸೇರಿಸಿದರೆ 2,150. ಹಂಚು ಕೂರುವ ಅಡ್ಡಪಟ್ಟಿಗಳು, ಅಂದರೆ ರೀಪುಗಳು, ಒಂದರಿಂದ ಒಂದಕ್ಕೆ 32 ಸೆಂಟಿಮೀಟರ್. ಹೊಸ ಹಂಚಿನ ಅಳತೆ ಹಳೆಯದಕ್ಕಿಂತ ಕೊಂಚ ಬೇರೆಯಾದರೂ ಕೊಂಡಿ ಕೂರುವುದಿಲ್ಲ, ಆದ್ದರಿಂದ ರೀಪು ಹೊಡೆಯುವ ಮೊದಲು ಹಂಚು ತಂದಿಟ್ಟುಕೊಳ್ಳಿ. ಒಣ ಹಂಚು ಎರಡೂವರೆ ಕಿಲೋ, ಇಡೀ ಮಾಡಿಗೆ ಐದು ಟನ್. ಮಳೆಯಲ್ಲಿ ಹಂಚು ನೀರು ಕುಡಿದು ಇನ್ನೂ ಐದಾರು ನೂರು ಕಿಲೋ ಏರುತ್ತದೆ. ಮಾಡನ್ನು ಹೊತ್ತ ಹಳೆಯ ಪಕ್ಕಾಸು (ಇಳಿಜಾರಿನ ಮರದ ತೊಲೆ) ಬಾಗುವುದು ಆಟಿ ತಿಂಗಳ ಮಳೆಯಲ್ಲೇ ಯಾಕೆ ಎಂಬುದಕ್ಕೆ ಇದು ಒಂದು ಉತ್ತರ. ಸೋರುವ ಹಂಚಿನಡಿ ಪಕ್ಕಾಸಿನ ತುದಿ ಗೋಡೆಯೊಳಗೆ ಹುಗಿದಿದ್ದರೆ ಅಲ್ಲಿ ಮೊಳೆ ಚುಚ್ಚಿ ನೋಡಬೇಕು. ಬೆಣ್ಣೆಗೆ ಇಳಿದಂತೆ ಇಳಿದರೆ ಮಾಡಿನ ಕೆಲಸ ಮೊದಲು, ಗೋಡೆ ಆಮೇಲೆ.

ಸಭಿಕರು ಕೇಳಿದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸಿದೆ. ಮುರಕಲ್ಲಿನ ಹಳೆಯ ಕಟ್ಟಡವೊಂದರ ಒಳಗೆ ಹೊಸದಾಗಿ ಕೊಳ ತೋಡಬಹುದೇ ಎಂಬುದು ಪ್ರಶ್ನೆ. ತೋಡಬಹುದು, ಗೋಡೆಯಿಂದ ದೂರ ಇದ್ದರೆ. ಗುಂಡಿಯ ಆಳ ಎಷ್ಟೋ ಕನಿಷ್ಠ ಅಷ್ಟು ದೂರ ಬಿಡಿ, ಇಲ್ಲವಾದರೆ ಪಂಚಾಂಗದಡಿಯ ಮಣ್ಣು ಜಾರುತ್ತದೆ. ನೀರು ಬಿಡುವ ಕೊಳವೆ ಎರಡಿಂಚಿಗಿಂತ ಸಣ್ಣದಾಗಬಾರದು, ಮತ್ತು ಅದು ಕಟ್ಟಡದಿಂದ ಐದಾರು ಮೀಟರ್ ಆಚೆಯ ಇಂಗುಗುಂಡಿಗೆ ಹೋಗಬೇಕು. ಐದು ಸಾವಿರ ಲೀಟರನ್ನು ಒಮ್ಮೆಗೇ ಗೋಡೆಯ ಬುಡಕ್ಕೆ ಬಿಟ್ಟರೆ ಆ ಮೂಲೆ ಕುಸಿಯಲು ಹೆಚ್ಚು ವರ್ಷ ಬೇಡ. ಹಲಗೆ ಮುಚ್ಚುವ ಕೊಳವಾದರೆ ನೀರು ಬಿಟ್ಟ ಕೂಡಲೇ ಹಲಗೆ ಹಾಕಬೇಡಿ. ಒಳಗಿನ ಹಸಿಯೆಲ್ಲ ಹಲಗೆಯ ಅಡಿಮುಖಕ್ಕೆ ಕೂತು, ಮೇಲೆ ಪಾಲಿಶ್ ಹೊಳೆಯುತ್ತಿರುವಾಗಲೇ ಕೆಳಗೆ ಅಣಬೆ ಏಳುತ್ತದೆ. ಭಾನುವಾರ ದೀಕ್ಷಾಸ್ನಾನವಾದರೆ ಬುಧವಾರದವರೆಗೆ ತೆರೆದಿಡಿ, ಸುತ್ತ ಹಗ್ಗ ಕಟ್ಟಿ. ಸಂಜೆ ಪ್ರಾರ್ಥನೆಗೆ ಬರುವ ಮಕ್ಕಳು ಕತ್ತಲಲ್ಲಿ ಅಂಚಿಗೆ ಹೋಗಬಾರದಲ್ಲ.